ಎಂಟನೇ ಕ್ಲಾಸಿಗೆ ಇಳಿಯುವ ಸಾಹಸ

ನೀವು ಇದನ್ನು ನಂಬುವುದಿಲ್ಲ. ಬೇಡ, ನಂಬಬೇಡಿ. ನಮ್ಮ ಚಾಳಿನಲ್ಲೂ ಯಾರೂ ನಂಬಲಿಲ್ಲ. ಕನ್ನಡ ಮೇಷ್ಟ್ರಂತೂ ಅರ್ಧ ಕೇಳಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು, ಎದುರಿಗೆ ನಿಂತವನು ನಾನೇ ಹೌದೋ ಅಲ್ಲವೋ ಎಂದು ನೋಡಿದರು. ಲೋಕದಲ್ಲಿ ಹುಡುಗರು ಮೇಲಿನ ಕ್ಲಾಸಿಗೆ ಹೋಗಲು ಕಾಪಿ ಹೊಡೆಯುತ್ತಾರೆ, ಗಣಪತಿಗೆ ತೆಂಗಿನಕಾಯಿ ಒಡೆಯುತ್ತಾರೆ. ಒಂಬತ್ತನೇ ಕ್ಲಾಸನ್ನು ಎಲ್ಲರಿಗಿಂತ ಮೊದಲಿಗನಾಗಿ ಮುಗಿಸಿದವನೊಬ್ಬ, ತನ್ನನ್ನು ಎಂಟಕ್ಕೆ ಹಾಕಲಿ ಎಂದು ಇಡೀ ಮೇ ತಿಂಗಳು ಬೆವರು ಸುರಿಸಿ ದಡ್ಡತನ ಅಭ್ಯಾಸ ಮಾಡಿದ್ದನ್ನು ಎಲ್ಲಾದರೂ ಕೇಳಿದ್ದೀರಾ? ಅವನು ನಾನು. ಅದೂ ಸಾಧಾರಣ ದಡ್ಡತನವಲ್ಲ, ಅಳೆದು ತೂಗಿದ ದಡ್ಡತನ.

ಆಗ ನಮ್ಮ ಮನೆ ಮುಂಬಯಿಯ ವಿಲೆ ಪಾರ್ಲೆಯಲ್ಲಿ, ಒಂದು ಚಾಳಿನ ಸಾಲು ಕೋಣೆಗಳಲ್ಲಿ ಒಂದಾಗಿತ್ತು. ವಿಮಾನಗಳು ನಮ್ಮ ತಲೆಯ ಮೇಲೆಯೇ ಏರುತ್ತಿದ್ದವು. ಎಷ್ಟು ಹತ್ತಿರ ಎಂದರೆ, ಒಣಗಲು ಹಾಕಿದ್ದ ಅಪ್ಪಯ್ಯನ ಪಂಚೆ ಒಮ್ಮೆ ವಿಮಾನದ ಚಕ್ರಕ್ಕೆ ಸಿಕ್ಕಿ ಲಂಡನ್ನಿಗೆ ಹೋಗುವುದು ಕೂದಲೆಳೆಯಲ್ಲಿ ತಪ್ಪಿತು. ಅಪ್ಪಯ್ಯ, ಬ್ಯಾಂಕು ಕೋರ್ಟುಗಳಿರುವ ಫೋರ್ಟಿನ ಒಂದು ಉಡುಪಿ ಹೋಟೆಲಿನಲ್ಲಿ ಮ್ಯಾನೇಜರ್. ಆ ವರ್ಷ ಅವರಿಗೆ ದುಬೈಯಲ್ಲಿ ಕೆಲಸ ಸಿಕ್ಕಿತು. ಅಲ್ಲಿ ಬಂದರು ಕಟ್ಟುತ್ತಿದ್ದ ಒಂದು ಕಂಪನಿಯ ದೊಡ್ಡ ಕ್ಯಾಂಟೀನನ್ನು ನೋಡಿಕೊಳ್ಳುವ ಕೆಲಸ. ಹೆಂಡತಿ ಮಕ್ಕಳನ್ನೂ ಕರೆತನ್ನಿ, ಮನೆ ಕೊಡುತ್ತೇವೆ ಎಂದರಂತೆ. ನಾನು ಆ ಸಂಜೆಯೇ ಚಾಳಿನ ಹುಡುಗರಿಗೆಲ್ಲ, ವಿಮಾನದ ಕಿಟಕಿಯಿಂದ ಕೈ ಬೀಸುತ್ತೇನೆ, ಯಾರು ಯಾವ ಬಣ್ಣದ ಅಂಗಿ ಹಾಕಿಕೊಂಡು ನಿಲ್ಲುತ್ತೀರಿ ಎಂದು ಮೊದಲೇ ಹೇಳಿ ಎಂದುಬಿಟ್ಟೆ.

ಆಮೇಲೆ ಕೆಲಸ ಕೊಡಿಸಿದ ಏಜೆಂಟ್ ಶಾಲೆಯ ವಿಷಯ ಹೇಳಿದ. ಅಲ್ಲಿ ಒಂದು ಇಂಟರ್‌ನ್ಯಾಶನಲ್ ಸ್ಕೂಲ್ ಇದೆ, ಈಜುಕೊಳ ಇದೆ, ಆದರೆ ಶಾಲೆ ಹೊಸತು. ಸದ್ಯಕ್ಕೆ ಎಂಟನೇ ಕ್ಲಾಸಿನವರೆಗೆ ಮಾತ್ರ. ವರ್ಷಕ್ಕೊಂದು ಕ್ಲಾಸು ಮೇಲೆ ಕಟ್ಟುತ್ತಾ ಹೋಗುತ್ತಾರಂತೆ.

ನನ್ನ ತಂಗಿ ಏಳನೇ ಕ್ಲಾಸಿಗೆ ಹೋಗುವವಳು. ಅವಳಿಗೆ ಸರಿಯಾಯಿತು. ನಾನು ಹತ್ತಕ್ಕೆ ಹೋಗುವವನು. ನನ್ನ ಕ್ಲಾಸು ಆ ದೇಶದಲ್ಲಿ ಇನ್ನೂ ಹುಟ್ಟಿರಲಿಲ್ಲ.

ಹಾಗಾದರೆ ನಾನೆಲ್ಲಿಗೆ? ಇದನ್ನು ಯಾರೂ ಹೇಳಲಿಲ್ಲ. ಹೇಳದೆ ಇದ್ದದ್ದೇ ನನ್ನ ಸಂಶಯದ ಮೊದಲ ಮೆಟ್ಟಿಲು.

ಒಂದು ಭಾನುವಾರ ಮುಲುಂಡಿನಿಂದ ದೊಡ್ಡಪ್ಪ, ದೊಡ್ಡಮ್ಮ ಬಂದರು. ಅವರು ಚೌತಿ ಬಿಟ್ಟರೆ ಬರುವವರಲ್ಲ. ಅವರ ರೈಲು ಲೈನಿನಿಂದ ನಮ್ಮ ಲೈನಿಗೆ ಬರಬೇಕೆಂದರೆ ದಾದರಿನಲ್ಲಿ ಇಳಿದು ಸೇತುವೆ ಹತ್ತಿ ಬೇರೆ ಗಾಡಿ ಹಿಡಿಯಬೇಕು. ದೊಡ್ಡಪ್ಪನ ಪ್ರಕಾರ ಅಷ್ಟು ಕಷ್ಟ ಪಡಲು ಯಾರಾದರೂ ಸತ್ತಿರಬೇಕು. ನಮ್ಮಲ್ಲಿ ಯಾರೂ ಸತ್ತಿರಲಿಲ್ಲ. ಆದರೂ ಬಂದರು, ಚಹ ಕುಡಿದರು, ನನ್ನನ್ನು ನೋಡಿದರು. ಮುಖವನ್ನಲ್ಲ, ಉದ್ದವನ್ನು.

"ಉದ್ದ ಆಗಿದ್ದಾನಲ್ಲ," ಎಂದರು ದೊಡ್ಡಪ್ಪ, ಅಪ್ಪಯ್ಯನಿಗೆ. "ಬಾಲ್ಕನಿಯಲ್ಲಿ ಹಿಡೀತಾನಾ?"

"ಕಾಲು ಮಡಚಿದ್ರೆ ಹಿಡೀತಾನೆ ಅಣ್ಣ," ಎಂದರು ಅಪ್ಪಯ್ಯ, ನನ್ನ ಕಡೆ ನೋಡದೆ.

ದೊಡ್ಡಮ್ಮ ನನ್ನ ಕೈ ಹಿಡಿದು ಪ್ರೀತಿಯಿಂದ ಕೇಳಿದರು: "ನಿಂಗೆ ಹಾಗಲಕಾಯಿ ಸೇರ್ತದಾ ಮಗಾ?"

"ಇಲ್ಲ ದೊಡ್ಡಮ್ಮ."

"ಅಭ್ಯಾಸ ಆಗ್ತದೆ."

ಆ ಮಾತು ಕೇಳಿದ್ದೇ ನನಗೆ ಗೊತ್ತಾಯಿತು, ನನ್ನನ್ನು ಮುಲುಂಡಿನಲ್ಲಿ ಬಿಟ್ಟು ಹೋಗುವ ಏರ್ಪಾಡು ನಡೆದಿದೆ. ದೊಡ್ಡಪ್ಪನ ಮನೆಯನ್ನು ನೀವು ನೋಡಿಲ್ಲ. ಅವರು ಹಾಲಿನವನಿಗಿಂತ ಮೊದಲು ಏಳುತ್ತಾರೆ. ಏಳುವುದು ಅವರಿಷ್ಟ, ಆದರೆ ಇಡೀ ಹೌಸಿಂಗ್ ಸೊಸೈಟಿಯನ್ನು ಎಬ್ಬಿಸುತ್ತಾರೆ. ಮನೆಯಲ್ಲಿ ರೇಡಿಯೋ ಇದೆ, ವಾರ್ತೆ ಮುಗಿದ ತಕ್ಷಣ ಅದಕ್ಕೆ ಚಳಿಯಾದೀತು ಎಂಬಂತೆ ಬಟ್ಟೆ ಹೊದೆಸುತ್ತಾರೆ. ಅಲ್ಲಿ ನಗಬೇಕಾದರೆ ಮೊದಲು ಕಾರಣ ಹೇಳಬೇಕು, ಕಾರಣ ಒಪ್ಪಿಗೆಯಾದರೆ ನಗಬಹುದು.

ಅಂದಿನಿಂದ ಮನೆಯಲ್ಲಿ ಎಲ್ಲರೂ ನನಗೆ ಸಂಶಯದ ಮನುಷ್ಯರಾದರು. ಮಾರ್ಕೆಟ್ಟಿನಿಂದ ಹೊಸ ಸೂಟ್‌ಕೇಸುಗಳು ಬಂದವು. ಒಂದು ಸಂಜೆ ಅಮ್ಮ ನೆಲದ ಮೇಲೆ ಬಟ್ಟೆ ಹರಡಿಕೊಂಡು ಬೇರೆ ಮಾಡುತ್ತಿದ್ದಳು. ನಾನು ಬಾಗಿಲ ಮರೆಯಲ್ಲಿ ನಿಂತು ನೋಡಿದೆ. ನನ್ನ ನೀಲಿ ಅಂಗಿಯನ್ನು ಸೂಟ್‌ಕೇಸಿನ ಬದಿಯ ರಾಶಿಗೆ ಹಾಕಿದಳು. ತೆಗೆದಳು. ಹಳೆಯ ಟ್ರಂಕಿನ ಮೇಲಿಟ್ಟಳು. ಮತ್ತೆ ತೆಗೆದು ಮಡಿಲಲ್ಲಿಟ್ಟುಕೊಂಡಳು.

"ಅಮ್ಮ, ಅದು ಯಾವ ರಾಶಿ?" ಎಂದೆ.

"ಎಂತ ರಾಶಿ? ಇದಕ್ಕೆ ಗುಂಡಿ ಹಾಕ್ಲಿಕ್ಕೆ ಉಂಟು."

ಅಂಗಿಯಲ್ಲಿ ಗುಂಡಿಗಳೆಲ್ಲ ಇದ್ದವು.

ನನ್ನನ್ನು ಬದುಕಿಸುವ ದಾರಿ ಸಿಕ್ಕಿದ್ದು ನಲ್ಲಿಯ ಹತ್ತಿರ. ಪಕ್ಕದ ಕೋಣೆಯ ಮಾಮಿ ಕೊಡಪಾನ ತುಂಬಿಸುತ್ತಾ ತನ್ನ ಅಣ್ಣನ ಮಗನ ಕಥೆ ಹೇಳುತ್ತಿದ್ದರು. ಆ ಹುಡುಗನೂ ಅದೇ ಶಾಲೆಗೆ ಸೇರಿದ್ದನಂತೆ.

"ಎಂತ ಹೇಳುದು ಮಾರಾಯ್ತಿ, ನಾಚಿಕೆ," ಎಂದರು ಅಮ್ಮನಿಗೆ. "ಅಲ್ಲಿಯ ಹೆಡ್‌ಮಿಸ್ಟ್ರೆಸ್ ಇವನ ಇಂಗ್ಲಿಷ್ ಕೇಳಿದ್ದೇ, ಸೀದಾ ಎರಡು ಕ್ಲಾಸು ಕೆಳಗೆ ಹಾಕಿದ್ರಂತೆ. ಕನ್ನಡ ಮೀಡಿಯಂ ಮಕ್ಕಳನ್ನೆಲ್ಲ ಹಾಗೇ ಮಾಡುದಂತೆ. ಮರ್ಯಾದೆ ಹೋಯ್ತು."

ಎರಡು ಕ್ಲಾಸು ಕೆಳಗೆ! ಹತ್ತರಿಂದ ಎಂಟು! ಮಾಮಿಯ ಮರ್ಯಾದೆ ಹೋದ ಜಾಗದಲ್ಲಿ ನನಗೆ ವಿಮಾನದ ಮೆಟ್ಟಿಲು ಕಂಡಿತು. ಎಂಟಕ್ಕೆ ಸೇರಿದರೆ ಸಾಕು, ವರ್ಷವರ್ಷವೂ ಶಾಲೆ ಬೆಳೆದ ಹಾಗೆ ನಾನೂ ಬೆಳೆಯುತ್ತೇನೆ, ಯಾವಾಗಲೂ ಎಲ್ಲರಿಗಿಂತ ಮೇಲಿನ ಕ್ಲಾಸಿನಲ್ಲೇ ಇರುತ್ತೇನೆ. ಬರೀ ಕೇಳಿಕೊಂಡರೆ ಇಳಿಸುವುದಿಲ್ಲ ಎಂಬುದು ಗೊತ್ತಿತ್ತು. ಅಪ್ಪಯ್ಯ ಏಜೆಂಟನ ಹತ್ತಿರ ವಿಚಾರಿಸಿಯಾಗಿತ್ತು. ಇಂಗ್ಲಿಷ್ ಚೆನ್ನಾಗಿರುವವನನ್ನು ಇಳಿಸಿ ಸಣ್ಣವರ ಸೀಟು ಹಾಳುಮಾಡುವುದಿಲ್ಲ ಎಂದಿದ್ದರಂತೆ ಶಾಲೆಯವರು. ತೀರಾ ಬಾರದವನನ್ನು ತೆಗೆದುಕೊಳ್ಳುವುದೇ ಇಲ್ಲವಂತೆ. ಅಂದರೆ ನನ್ನ ಇಂಗ್ಲಿಷ್ ಕೆಟ್ಟಿರಬೇಕು, ಆದರೆ ಕೊಳೆತಿರಬಾರದು.

ಇದರಲ್ಲಿ ಒಂದೇ ತೊಂದರೆ. ನನ್ನ ಇಂಗ್ಲಿಷ್ ಫೋರ್ಟಿಗೇ ಪ್ರಸಿದ್ಧವಾಗಿತ್ತು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ, ಅರ್ಧ ಫೋರ್ಟ್ ಎಂದಾದರೂ ಇಟ್ಟುಕೊಳ್ಳಿ. ರಜೆಯಲ್ಲಿ ಅಪ್ಪಯ್ಯನ ಜೊತೆ ಲೋಕಲ್ ರೈಲು ಹಿಡಿದು ಹೋಟೆಲಿಗೆ ಹೋಗುತ್ತಿದ್ದೆ. ಅಲ್ಲಿ ಬೆಳಿಗ್ಗೆ ಕೌಂಟರಿನ ಪಕ್ಕ ನಿಂತು ಇಂಗ್ಲಿಷ್ ಪೇಪರಿನ ಮೊದಲ ಪುಟವನ್ನು ಗಟ್ಟಿಯಾಗಿ ಓದುವುದು ನನ್ನ ಕೆಲಸ. ಕ್ರಿಕೆಟ್ ಕಾಮೆಂಟರಿ ಕೇಳಿ ಕೇಳಿ ಕಲಿತ ರಾಗದಲ್ಲಿ ಓದುತ್ತಿದ್ದೆ. ಮಂತ್ರಿಯೊಬ್ಬ ರಾಜೀನಾಮೆ ಕೊಟ್ಟರೆ ಸಿಕ್ಸರ್ ಹೊಡೆದ ಹಾಗೆ ಕೇಳಿಸುತ್ತಿತ್ತು. ಬ್ಯಾಂಕಿನವರು, ಕೋರ್ಟಿನವರು ಇಡ್ಲಿ ಬಾಯಿಗಿಡುವುದನ್ನು ಮರೆತು ಕೇಳುತ್ತಿದ್ದರು. ಅಪ್ಪಯ್ಯ ಚಿಲ್ಲರೆ ಕೊಡುತ್ತಾ, "ಕನ್ನಡ ಮೀಡಿಯಂ ಸಾರ್, ಕನ್ನಡ ಮೀಡಿಯಂ! ಎಸ್ಸೆಸ್ಸಿಯಲ್ಲಿ ನೋಡಿ ನೀವು," ಎಂದು ಪ್ರತಿಯೊಬ್ಬರಿಗೂ ಹೇಳುತ್ತಿದ್ದರು. ಅದು ನಿಜಕ್ಕೂ ನನ್ನ ಮೇಲಿನ ಅಭಿಮಾನವೋ, ಅಥವಾ ನಾನು ಹತ್ತನೇ ಕ್ಲಾಸಿನ ಎಸ್ಸೆಸ್ಸಿ ಪರೀಕ್ಷೆಯನ್ನು ಇಲ್ಲೇ ಉಳಿದು ಬರೆಯಲಿ ಎಂಬ ಹಂಚಿಕೆಯೋ? ಹಿಂದೆ ಕೇಳಿದ್ದ ಮಾತನ್ನು ಈಗ ತಿರುವಿ ತಿರುವಿ ನೋಡತೊಡಗಿದೆ.

ಅಮ್ಮನಿಗೆ ಉಪಾಯ ಹೇಳಿದೆ. ಅವಳು ಕಾಯಿ ತುರಿಯುವುದನ್ನು ನಿಲ್ಲಿಸಿದಳು.

"ಸುಳ್ಳು ಹೇಳುದಾ?"

"ಸುಳ್ಳಲ್ಲ ಅಮ್ಮ. ಗೊತ್ತಿದ್ದದ್ದನ್ನು ಹೇಳದೆ ಇರುದು."

"ಅದು ನಿನ್ನಿಂದ ಆಗ್ತದಾ?" ಎಂದಳು. ಈ ಪ್ರಶ್ನೆ ನನಗೆ ಸ್ವಲ್ಪವೂ ಹಿಡಿಸಲಿಲ್ಲ. ಆಮೇಲೆ ತುರಿಮಣೆಯನ್ನು ಎಳೆದುಕೊಂಡು, "ಅಪ್ಪಯ್ಯನಿಗೆ ನಾನೇ ಹೇಳ್ತೇನೆ. ನೀನು ಬಾಯಿ ಬಿಡ್ಬೇಡ," ಎಂದಳು. ಅಂಗಿ ಆ ರಾತ್ರಿಯೇ ಸೂಟ್‌ಕೇಸಿನ ರಾಶಿಗೆ ಬಂತು. ನಾನು ಎದ್ದು ನೋಡಿದೆ.

ತರಬೇತಿ ಶುರುವಾಯಿತು. ತಂಗಿಗೆ ಒಳ್ಳೆಯ ಇಂಗ್ಲಿಷ್ ಬೇಕು, ನನಗೆ ಕೆಟ್ಟದ್ದು, ಎರಡಕ್ಕೂ ಮೇಷ್ಟ್ರು ನಾನೇ. ಅವಳು ನನ್ನಷ್ಟೇ ಸಂಶಯದ ಪ್ರಾಣಿ.

"ಈಗ ಹೇಳಿದ್ದು ನನ್ನದಾ, ನಿನ್ನದಾ?" ಎಂದು ಪ್ರತಿ ವಾಕ್ಯಕ್ಕೂ ಕೇಳುತ್ತಿದ್ದಳು.

"ನಿನ್ನದು. ಒಳ್ಳೆಯದು."

"ದೇವರಾಣೆ?"

"ದೇವರಾಣೆ."

"ನಂಗೂ ತಪ್ಪು ಕಲಿಸಿ ಮುಲುಂಡಿಗೆ ಎಳೀಲಿಕ್ಕೆ ನೋಡ್ತಿದ್ದಿಯಾ ಅಂತ."

ಆ ಯೋಚನೆ ನನಗೆ ಬಂದೇ ಇರಲಿಲ್ಲ ಎಂದು ನಾನೇನೂ ಹೇಳುವುದಿಲ್ಲ. ಅವಳು ಪುಸ್ತಕ ತೆಗೆದು ಪ್ರತಿ ವಾಕ್ಯವನ್ನೂ ತಾಳೆ ನೋಡಿದ ಮೇಲೆಯೇ ಬಾಯಿಪಾಠ ಮಾಡುತ್ತಿದ್ದಳು. ಆಮೇಲೆ ನನ್ನ ಸರದಿ. ಅವಳು ಹೆಡ್‌ಮಿಸ್ಟ್ರೆಸ್ ಆಗಿ ಅಮ್ಮನ ಸ್ಟೂಲಿನ ಮೇಲೆ ಕೂರುವುದು, ನಾನು ಎದುರಿಗೆ ನಿಂತು ತಡವರಿಸುವುದು.

"ಆಗ್ಲಿಲ್ಲ," ಎನ್ನುತ್ತಿದ್ದಳು. "ನಿನ್ನ ಕಣ್ಣು ಹೊಳೀತಾ ಉಂಟು. ದಡ್ಡರ ಕಣ್ಣು ಹೊಳೆಯುದಿಲ್ಲ ಅಣ್ಣ."

"ಮತ್ತೆ ಹೇಗಿರ್ತದೆ?"

"ಗಣಿತದ ಪಿರಿಯಡ್ಡಿನಲ್ಲಿ ನಂದು ಇರ್ತದಲ್ಲ, ಹಾಗೆ."

ಅವಳು ತೋರಿಸಿದಳು. ನಾನು ಆ ಮುಖವನ್ನು ಕನ್ನಡಿ ಮುಂದೆ ನಿಂತು ಕಲಿತೆ. ಕೊನೆಕೊನೆಗೆ ನನ್ನ ದಡ್ಡತನ ಎಷ್ಟು ಪಳಗಿತೆಂದರೆ, ನಲ್ಲಿಯ ಹತ್ತಿರ ಮಾಮಿ ನನ್ನನ್ನು ನೋಡಿ, ಹುಡುಗನಿಗೆ ದೃಷ್ಟಿ ತಗುಲಿದೆ, ಉಪ್ಪು ಮೆಣಸು ಇಳಿ ತೆಗೆಯಿರಿ ಎಂದು ಅಮ್ಮನಿಗೆ ಹೇಳಿದರು.

ಜೂನ್ ಹತ್ತಿರ ಬಂದಾಗ ಆ ಹೆಡ್‌ಮಿಸ್ಟ್ರೆಸ್ ಮುಂಬಯಿಗೇ ಬಂದರು. ಫೋರ್ಟಿನ ಒಂದು ಆಫೀಸಿನಲ್ಲಿ ಕೂತು ತಮ್ಮ ಶಾಲೆಗೆ ಟೀಚರುಗಳನ್ನು ಆರಿಸುತ್ತಿದ್ದರು, ಜೊತೆಗೆ ಸೇರಲಿರುವ ಮಕ್ಕಳನ್ನೂ ನೋಡುತ್ತಿದ್ದರು. ಅಪ್ಪಯ್ಯ ಏಜೆಂಟನಿಗೆ, "ಆಫೀಸಿನ ವರಾಂಡದಲ್ಲಿ ಎಂತಕ್ಕೆ ಮಾರಾಯ್ರೆ? ನಮ್ಮ ಹೋಟೆಲಿನಲ್ಲಿ ಫ್ಯಾಮಿಲಿ ರೂಮ್ ಉಂಟಲ್ಲ, ಅಲ್ಲಿಗೇ ಬರ್ಲಿ. ಕಾಫಿಯೂ ಆಗ್ತದೆ," ಎಂದರಂತೆ. ಎಲ್ಲರಿಗೂ ಇದು ದೊಡ್ಡ ಮನಸ್ಸಾಗಿ ಕಂಡಿತು. ನನಗೆ ಹಾಗೆ ಕಾಣಲಿಲ್ಲ. ಯಾಕೆಂದರೆ ಆ ಫ್ಯಾಮಿಲಿ ರೂಮಿನ ಗುಟ್ಟು ನನಗೆ ಗೊತ್ತು.

ಹೆಂಗಸರು ಮಕ್ಕಳು ಕೂರಲೆಂದು ಹೋಟೆಲಿನ ಮೂಲೆಯಲ್ಲಿ ಹಲಗೆ ಅಡ್ಡ ಹಾಕಿ, ಪರದೆ ಇಳಿಬಿಟ್ಟ ಕೋಣೆ ಅದು. ಒಳಗೆ ಕೂತವರಿಗೆ ತಮ್ಮನ್ನು ಯಾರೂ ನೋಡುತ್ತಿಲ್ಲ ಎನಿಸುತ್ತದೆ. ಆದರೆ ಅಪ್ಪಯ್ಯನ ಕೌಂಟರಿನ ಮೇಲೆ ಒಂದು ಕನ್ನಡಿ ಓರೆಯಾಗಿ ತೂಗುಹಾಕಿದೆ. ಯಾವ ಟೇಬಲಿನಲ್ಲಿ ಯಾರು ಎದ್ದರು, ಯಾವ ಸಪ್ಲೈಯರ್ ಹರಟುತ್ತಾ ನಿಂತ ಎಂದು ಕೂತಲ್ಲಿಂದಲೇ ನೋಡಲು. ಪರದೆ ಸ್ವಲ್ಪ ಸರಿದಿದ್ದರೆ ಫ್ಯಾಮಿಲಿ ರೂಮೂ ಅದರಲ್ಲಿ ಕಾಣುತ್ತದೆ. ಅದು ಬೇಕಾಗುತ್ತದೆ, ಯಾಕೆಂದರೆ ಅಪ್ಪಯ್ಯ ಕೌಂಟರ್ ಬಿಟ್ಟು ಏಳುವವರೇ ಅಲ್ಲ. ಹೋಟೆಲಿಗೆ ಬೆಂಕಿ ಬಿದ್ದರೂ ಏಳಲಾರರು. ಎದ್ದರೆ ಅದಕ್ಕೊಂದು ಕ್ರಮ ಉಂಟು. ಮೊದಲು ಗಲ್ಲಾಪೆಟ್ಟಿಗೆಗೆ ಬೀಗ, ಬೀಗವನ್ನು ಒಮ್ಮೆ ಎಳೆದು ನೋಡುವುದು, ಆಮೇಲೆ ಅಂಗಿಯ ಗುಂಡಿ ಬಿಚ್ಚಿ ಕೀಲಿಯನ್ನು ಜನಿವಾರಕ್ಕೆ ಗಂಟು ಹಾಕುವುದು, ಮತ್ತೆ ಗುಂಡಿ. ಇಷ್ಟಾಗುವಾಗ ಗಿರಾಕಿ ಇನ್ನೊಂದು ದೋಸೆ ತಿಂದು ಮುಗಿಸಬಹುದು.

"ಕೌಂಟರ್ ಬಿಟ್ಟು ಏಳ್ಬೇಡಿ ಅಂತ ಅಪ್ಪಯ್ಯನಿಗೆ ಹೇಳಿದ್ದೇನೆ," ಎಂದಳು ಅಮ್ಮ ಆ ದಿನ ಬೆಳಿಗ್ಗೆ.

"ಅವರು ಎಂತ ಹೇಳಿದ್ರು?"

"ತಲೆ ಆಡಿಸಿದ್ರು."

ಅಪ್ಪಯ್ಯ ಅಮ್ಮನ ಎಲ್ಲ ಮಾತಿಗೂ ಹಾಗೇ ತಲೆ ಆಡಿಸುತ್ತಾರೆ.

ಹೆಡ್‌ಮಿಸ್ಟ್ರೆಸ್ ಬಂದರು. ಕತ್ತರಿಸಿದ ನರೆಗೂದಲು, ಸ್ಕರ್ಟು, ಯಾವ ಊರಿನವರೆಂದು ಹೇಳಲಾಗದ ಮುಖ. ಏನು ತಿನ್ನುತ್ತೀರಿ ಎಂದು ಕೇಳಿದ್ದಕ್ಕೆ ಸಪ್ಲೈಯರನಿಗೆ ಹಿಂದಿಯಲ್ಲಿ, ಉದ್ದಿನ ವಡೆ ತಾ, ಸಾಂಬಾರು ಬೇರೆ ಕೊಡು, ಮುಳುಗಿಸಬೇಡ ಎಂದರು. ಅಮ್ಮನ ಮುಖ ಬಿಳಿಚಿತು.

"ಸಾಂಬಾರು ಬೇರೆ ಕೇಳಿದ್ರು," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದಳು. "ನಮ್ಮ ಬದಿಯವರಾ ಎಂತ? ಕನ್ನಡ ಬರ್ತದಾ ಇವರಿಗೆ?"

ಆಮೇಲೆ ಅಮ್ಮ ಮಾತೇ ಆಡಲಿಲ್ಲ. ಹೇಳಬೇಕಾದ್ದನ್ನೆಲ್ಲ ಟೇಬಲಿನ ಕೆಳಗೆ ನನ್ನ ಪಾದವನ್ನು ಮೆಟ್ಟಿ ಹೇಳಿದಳು.

ತಂಗಿಯ ಇಂಟರ್‌ವ್ಯೂ ಬೇಗ ಮುಗಿಯಿತು. ಹೆಸರು, ಶಾಲೆ, ಇಷ್ಟ, ಕಷ್ಟ, ಎಲ್ಲವನ್ನೂ ಇಂಗ್ಲಿಷಿನಲ್ಲಿ ಗಿಣಿಯ ಹಾಗೆ ಹೇಳಿದಳು. ಹೇಳಿ ಮುಗಿಸಿ, ಎಲ್ಲವೂ ನನ್ನ ಮೇಷ್ಟ್ರುತನದ ಫಲ ಎಂದು ನಾನು ಬೀಗುವ ಮೊದಲೇ, ನನ್ನ ಕಡೆ ಗಣಿತದ ಪಿರಿಯಡ್ಡಿನ ಮುಖ ಮಾಡಿ ತೋರಿಸಿದಳು. ನೆನಪಿಸುವುದಕ್ಕೆ.

ನನ್ನ ಸರದಿ. ನೆರೆದ ಸಭಿಕರೇ, ಅದೊಂದು ಮಹಾ ಪ್ರದರ್ಶನ. ಒಂದು ಪ್ರಶ್ನೆ ಕೇಳಿದರೆ ಮೊದಲು ಮೇಲೆ ತಿರುಗುವ ಫ್ಯಾನನ್ನು ನೋಡಿದೆ, ಆಮೇಲೆ ನೆಲ ನೋಡಿದೆ, ಆಮೇಲೆ ಒಂದು ಪದವನ್ನು ಬಾವಿಯಿಂದ ಎತ್ತಿದ ಹಾಗೆ ಎತ್ತಿದೆ. ಒಂದು ವಾಕ್ಯ ಮುಗಿಸುವಷ್ಟರಲ್ಲಿ ತಟ್ಟೆಯ ವಡೆ ತಣ್ಣಗಾಗಿ ಒಣಗಿ ಹೋಯಿತು. ನನ್ನ ಅಪ್ಪ ಏನು ಮಾಡುತ್ತಾರೆ ಎಂದು ಕೇಳಿದರು. ಹೊರಗೆ ಕೈ ತೋರಿಸಿದೆ. ಹೆಡ್‌ಮಿಸ್ಟ್ರೆಸ್ ನನ್ನನ್ನು ಕನಿಕರದಿಂದ ನೋಡಿದರು. ಅದು ಕನಿಕರವೋ, ಪರೀಕ್ಷೆಯೋ? ಕೈ ತೋರಿಸಿದ ಕಡೆ ನಾನೂ ತಿರುಗಿದೆ. ಪರದೆಯ ಸಂದಿನಲ್ಲಿ ಕನ್ನಡಿ. ಕನ್ನಡಿಯಲ್ಲಿ ಅಪ್ಪಯ್ಯನ ಎರಡು ಕಣ್ಣು, ನೇರ ನನ್ನ ಮೇಲೆ.

ಓದಿಸಿ ನೋಡೋಣ ಎಂದು ಹೆಡ್‌ಮಿಸ್ಟ್ರೆಸ್ ಸಪ್ಲೈಯರನ ಹತ್ತಿರ ಪೇಪರ್ ಕೇಳಿದರು. ಅವನು ಕೌಂಟರಿನಿಂದ ಅಂದಿನ ಇಂಗ್ಲಿಷ್ ಪೇಪರನ್ನೇ ತಂದು, ಹಲ್ಲು ಬಿಟ್ಟು, "ಸಣ್ಣ ಮ್ಯಾನೇಜರು ಓದ್ತಾರಾ?" ಎಂದ. ಅಮ್ಮ ನನ್ನ ಪಾದವನ್ನು ಚಟ್ನಿ ಮಾಡಿದಳು.

ಓದಿದೆ. ಒಂದೊಂದೇ ಅಕ್ಷರ ಕೂಡಿಸಿ, ಕಲ್ಲು ಆರಿಸುತ್ತಾ ಅಕ್ಕಿ ಕೇರಿದ ಹಾಗೆ ಓದಿದೆ. ಒಂದು ಸಾಲು, ಎರಡು ಸಾಲು. ಹೆಡ್‌ಮಿಸ್ಟ್ರೆಸ್ ಕೈ ಎತ್ತಿ ಸಾಕು ಎಂದು ಸನ್ನೆ ಮಾಡಿದರು. ಹತ್ತಕ್ಕೆ ಹೋಗುವವನ ಇಂಗ್ಲಿಷ್ ಅಲ್ಲವೇ ಅಲ್ಲ ಇದು, ಎಂಟರಲ್ಲಿ ಕೂರಿಸಿದರೆ ಒಂದು ವರ್ಷದಲ್ಲಿ ಸುಧಾರಿಸಬಹುದು ಎಂದು ಇಂಗ್ಲಿಷಿನಲ್ಲಿ ಅಮ್ಮನಿಗೆ ಹೇಳಿದರು. ಅಮ್ಮನಿಗೆ ಅರ್ಥವಾದದ್ದು 'ಏಟ್' ಒಂದೇ. ಅಷ್ಟು ಸಾಕಿತ್ತು. ಅವಳ ಕಾಲು ನನ್ನ ಪಾದದ ಮೇಲಿಂದ ಮೆಲ್ಲಗೆ ಇಳಿಯಿತು. ನನಗೆ ಈಜುಕೊಳದ ನೀರಿನ ವಾಸನೆ ಮೂಗಿಗೆ ಬಡಿಯಿತು.

ಆಗ ಪರದೆಯ ಆಚೆ, ದಿನವೂ ನನ್ನ ಓದು ಕೇಳುತ್ತಾ ಇಡ್ಲಿ ತಿನ್ನುವ ಬ್ಯಾಂಕಿನ ಗುಮಾಸ್ತ, ಮರಾಠಿಯಲ್ಲಿ ಕೌಂಟರಿನ ಕಡೆಗೆ ಕೂಗಿದ:

"ಕಾಯ್ ಹೋ ಅಣ್ಣಾ, ಪೋರಗಾ ಆಜ್ ಕಾ ಅಡಖಳತೋಯ್?"

ಹುಡುಗ ಇವತ್ತು ಯಾಕೆ ತಡವರಿಸುತ್ತಿದ್ದಾನೆ ಎಂದು. ಎರಡು ಮೂರು ಟೇಬಲಿನವರು ನಕ್ಕರು.

ನಾನು ಕನ್ನಡಿ ನೋಡಿದೆ. ಕನ್ನಡಿಯಲ್ಲಿ ಅಪ್ಪಯ್ಯ ಇರಲಿಲ್ಲ. ಬರೀ ಕುರ್ಚಿ ಇತ್ತು.

ಪರದೆ ಸರಿಯಿತು. ಅಪ್ಪಯ್ಯ ಒಳಗೆ ಬಂದು ನಿಂತರು. ನಾನು ಮೊದಲು ನೋಡಿದ್ದು ಅವರ ಮುಖವನ್ನಲ್ಲ, ಎದೆಯನ್ನು. ಅಂಗಿಯೊಳಗೆ ಕೀಲಿ ಉಬ್ಬಿ ಕಾಣುತ್ತಿತ್ತು, ಮೇಲಿನ ಗುಂಡಿ ಹಾಕಿತ್ತು. ಅಂದರೆ ಗಲ್ಲಾಪೆಟ್ಟಿಗೆಗೆ ಬೀಗ ಹಾಕಿ, ಎಳೆದು ನೋಡಿ, ಗಂಟು ಕಟ್ಟಿ ಆಗಿತ್ತು. ಗುಮಾಸ್ತ ಕೂಗಿ ಇನ್ನೂ ಅವನ ನಗು ಮುಗಿದಿರಲಿಲ್ಲ, ಅಷ್ಟರಲ್ಲಿ ಇದೆಲ್ಲ ಆಗುವ ಮಾತೇ ಅಲ್ಲ. ಅವನು ಕೂಗುವ ಮೊದಲೇ ಅಪ್ಪಯ್ಯ ಏಳಲು ಸಿದ್ಧರಾಗಿದ್ದರು. ನಾನು ಮೊದಲ ಸಾಲಿನಲ್ಲಿ ತಡವರಿಸಿದಾಗಲೋ? ಹೊರಗೆ ಕೈ ತೋರಿಸಿದಾಗಲೋ? ಅಥವಾ ಬೆಳಿಗ್ಗೆ ತಲೆ ಆಡಿಸುವಾಗಲೇ?

"ನಾನು ಹೇಳಿದ್ದೆ ಅಲ್ವಾ ನಿಮಗೆ," ಎಂದಳು ಅಮ್ಮ, ಹೆಡ್‌ಮಿಸ್ಟ್ರೆಸ್ ಎದುರಿಗಿರುವುದನ್ನೂ ಮರೆತು.

"ಹೇಳಿದ್ದಿ," ಎಂದರು ಅಪ್ಪಯ್ಯ. ನನ್ನ ಕೈಯಿಂದ ಜಾರುತ್ತಿದ್ದ ಪೇಪರನ್ನು ಹಿಡಿದು, ಮಡಿಕೆ ಬಿಡಿಸಿ, ಮೊದಲ ಪುಟ ಮೇಲೆ ಬರುವ ಹಾಗೆ ಮತ್ತೆ ನನ್ನ ಕೈಗಿಟ್ಟರು. "ಓದು ಮಗಾ. ದಿನಾ ಓದುವ ಹಾಗೆ."

ಈಗಲೂ ತಡವರಿಸಬಹುದಿತ್ತು. ಬಾಯಿ ಒಣಗಿದೆ ಎನ್ನಬಹುದಿತ್ತು. ಆದರೆ ಸರಿದ ಪರದೆಯ ಆಚೆ ಗುಮಾಸ್ತ ಚಮಚ ಎತ್ತಿ ಹಿಡಿದು ಕಾಯುತ್ತಿದ್ದ. ಅವನ ಹಿಂದಿನ ಟೇಬಲಿನವರೂ ತಿರುಗಿದ್ದರು. ಸಪ್ಲೈಯರ್ ತಟ್ಟೆ ಹಿಡಿದು ನಿಂತಿದ್ದ. ಇಡೀ ಹೋಟೆಲು ನನ್ನ ಕಡೆ ನೋಡುತ್ತಿತ್ತು. ಅಷ್ಟು ಜನ ಕೇಳಲು ಸಿದ್ಧರಾಗಿರುವಾಗ ನಾನು ಯಾವತ್ತಾದರೂ ಬಾಯಿ ಮುಚ್ಚಿಕೊಂಡವನೇ?

ಓದಿದೆ. ಕಾಮೆಂಟರಿಯ ರಾಗದಲ್ಲಿ, ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ, ಏರಿಸಬೇಕಾದಲ್ಲಿ ಏರಿಸಿ. ಮೊದಲ ಸುದ್ದಿ ಮುಗಿಸಿ, ಯಾರೂ ಕೇಳದಿದ್ದರೂ ಎರಡನೆಯದಕ್ಕೆ ಹೋದೆ. ಹವಾಮಾನವನ್ನೂ ಓದುತ್ತಿದ್ದೆನೇನೋ.

"ಸಾಕು ಮಗಾ, ಸಾಕು," ಎಂದರು ಹೆಡ್‌ಮಿಸ್ಟ್ರೆಸ್. ಕನ್ನಡದಲ್ಲಿ. ನಮ್ಮ ಕಡೆಯ ಕನ್ನಡದಲ್ಲಿ. "ಎಷ್ಟು ಚಂದ ಓದ್ತಿ ನೀನು." ಆಮೇಲೆ ಅಮ್ಮನ ಕಡೆ ತಿರುಗಿ, ಸಣ್ಣ ಸ್ವರದಲ್ಲಿ, "ಹುಡುಗಿಯನ್ನು ಮಾತ್ರ ಕಳಿಸಿ ಅಮ್ಮ," ಎಂದರು.

ತಂಗಿ ನನ್ನನ್ನು ನೋಡಲಿಲ್ಲ. ಅಮ್ಮ ಟೇಬಲಿನ ಕೆಳಗೆ ಕಾಲು ಹುಡುಕಿದಳು, ಆದರೆ ಮೆಟ್ಟಲಿಲ್ಲ, ಸುಮ್ಮನೆ ತನ್ನ ಪಾದವನ್ನು ನನ್ನ ಪಾದದ ಮೇಲಿಟ್ಟಳು. ಅಪ್ಪಯ್ಯ ಪರದೆ ಎಳೆದು ಹೊರಗೆ ಹೋದರು. ಪರದೆ ಪೂರ್ತಿ ಮುಚ್ಚಿರಲಿಲ್ಲ. ಸಂದಿನಿಂದ ಕನ್ನಡಿ ನೋಡಿದೆ. ಅವರು ಕುರ್ಚಿಯಲ್ಲಿ ಕೂತು, ಗುಂಡಿ ಬಿಚ್ಚಿ, ಜನಿವಾರದ ಕೀಲಿಯ ಗಂಟು ಬಿಡಿಸುತ್ತಿದ್ದರು. ಬಿಲ್ ಕೊಡಲು ಗುಮಾಸ್ತ ಎದುರಿಗೆ ಬಂದು ನಿಂತು, ಶಾಭಾಸ್ ಎನ್ನುತ್ತಿದ್ದ. ದಿನವೂ ಕಣ್ಣು ಮುಚ್ಚಿ ಬಿಚ್ಚುವ ಗಂಟು ಅದು. ಆ ದಿನ ಬಿಚ್ಚಲು ಬರಲೇ ಇಲ್ಲ, ಅವರು ತಲೆ ಎತ್ತಿ ಕನ್ನಡಿಯನ್ನೂ ನೋಡಲಿಲ್ಲ.